ಎ.ಎಂ. ಟ್ರಾನ್ಸ್‌ಮಿಟರಿನಲ್ಲಿ ಮಾಡ್ಯುಲೇಶನ್ ಮಟ್ಟವನ್ನು ಹೊಂದಿಸುವ ಕ್ರಮ

ತುಮಕೂರಿನಲ್ಲಿ ಮಧ್ಯಮ ತರಂಗದ ರೇಡಿಯೊವನ್ನು 612 ಕಿಲೋಹರ್ಟ್ಜ್‌ಗೆ ತಿರುಗಿಸಿ ಬೆಂಗಳೂರು ಆಕಾಶವಾಣಿಯನ್ನು ಕೇಳುವಾಗ, ಧ್ವನಿಯ ಸ್ಪಷ್ಟತೆಗೆ ಕೇಂದ್ರದ ಕಿಲೋವ್ಯಾಟ್‌ಗಳಷ್ಟೇ ಕಾರಣವೆಂದು ನನ್ನ ವಿದ್ಯಾರ್ಥಿಗಳು ಮೊದಲಿಗೆ ಭಾವಿಸುತ್ತಾರೆ. ಆದರೆ ಧ್ವನಿಯನ್ನು ಹೊತ್ತೊಯ್ಯುವ ವಾಹಕ ತರಂಗ ತಾನಾಗಿ ಏನನ್ನೂ ನುಡಿಯುವುದಿಲ್ಲ. ಧ್ವನಿಗೆ ತಕ್ಕಂತೆ ಅದರ ಎತ್ತರವನ್ನು ಏರಿಳಿಸುವುದೇ ಎ.ಎಂ. ಮಾಡ್ಯುಲೇಶನ್; ಎಷ್ಟು ಏರಿಳಿಸುತ್ತೇವೆ ಎಂಬುದೇ ಅದರ ಆಳ. ಮಾತೆಲ್ಲ ಅದರ ಎರಡೂ ಬದಿಯ ಪಾರ್ಶ್ವಪಟ್ಟಿಗಳಲ್ಲಿ, ಅಂದರೆ ಅಕ್ಕಪಕ್ಕದ ಆವರ್ತನಗಳಲ್ಲಿದೆ. ಶುದ್ಧ ಸ್ವರವೊಂದರಿಂದ ಶೇಕಡಾ 100ರಷ್ಟು ಮಾಡ್ಯುಲೇಶನ್ ಮಾಡಿದಾಗ ಪಾರ್ಶ್ವಪಟ್ಟಿಗಳ ಒಟ್ಟು ಶಕ್ತಿ ವಾಹಕದ ಅರ್ಧದಷ್ಟಿರುತ್ತದೆ, ಶೇಕಡಾ 50ಕ್ಕೆ ಇಳಿಸಿದರೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ಆದ್ದರಿಂದ ಅತಿಯಾದ ಎಚ್ಚರಿಕೆಯಿಂದ ಮಟ್ಟವನ್ನು ತಗ್ಗಿಸಿಡುವುದೂ ತಪ್ಪೇ: ಪಂಪ್‌ಸೆಟ್ ಮೋಟರಿನ ಗದ್ದಲದಲ್ಲಿ ಅಂಥ ಧ್ವನಿ ಮುಳುಗಿಹೋಗುತ್ತದೆ.

ಪರವಾನಗಿಯಿಲ್ಲದೆ ಆಂಟೆನಾಗೆ ಶಕ್ತಿ ಹರಿಸಲು ಕಾನೂನು ಬಿಡುವುದಿಲ್ಲ. ಪ್ರಯೋಗಾಲಯದ ಕೆಲಸವೆಲ್ಲ ಆಂಟೆನಾ ಬದಲಿಗೆ ಶಕ್ತಿಯನ್ನು ಹೀರಿಕೊಳ್ಳುವ, ಸರಿಯಾದ ರೋಧವಿರುವ ಡಮ್ಮಿ ಲೋಡ್‌ನ ಮೇಲೆಯೇ ನಡೆಯಲಿ. ಮೊದಲು ಧ್ವನಿಯಿಲ್ಲದೆ ವಾಹಕವನ್ನಷ್ಟೇ ಹೊರಡಿಸಿ, ಲೋಡಿಗೆ ಹರಿಯುವ ಆರ್.ಎಫ್. (ರೇಡಿಯೊ ಆವರ್ತನದ) ವಿದ್ಯುತ್ ಪ್ರವಾಹವನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಕಡೆ ಸಂಜೆಯ ಹೊತ್ತು ಲೈನಿನ ವೋಲ್ಟೇಜ್ ಕುಗ್ಗುವುದುಂಟು. ವೋಲ್ಟೇಜ್ ಬದಲಾದರೆ ವಾಹಕವೂ ಬದಲಾಗಿ, ಅದೇ ಧ್ವನಿಮಟ್ಟಕ್ಕೆ ಮಾಡ್ಯುಲೇಶನ್ನಿನ ಆಳ ಬೇರೆಯಾಗುತ್ತದೆ. ಹೀಗಾಗಿ ಆ ಹೊತ್ತಿನ ಲೈನ್ ವೋಲ್ಟೇಜನ್ನೂ ಪಕ್ಕದಲ್ಲೇ ನಮೂದಿಸುವುದು ಒಳ್ಳೆಯದು.

ಆಳವನ್ನು ಅಳೆಯಲು ಆಸಿಲೋಸ್ಕೋಪಿನ ಪರದೆಯ ಟ್ರೆಪಿಜಾಯ್ಡ್ (ಒಂದು ಬದಿ ದೊಡ್ಡದು, ಎದುರು ಬದಿ ಚಿಕ್ಕದಾದ ಚತುರ್ಭುಜ) ಚಿತ್ರವನ್ನೇ ನಾನು ಹೆಚ್ಚು ನಂಬುತ್ತೇನೆ. ಔಟ್‌ಪುಟ್ ಬಳಿ ಇಟ್ಟ ಚಿಕ್ಕ ಪಿಕಪ್ ಕಾಯಿಲ್‌ನಿಂದ ಬರುವ ಆರ್.ಎಫ್. ಅನ್ನು ಲಂಬ ಅಕ್ಷಕ್ಕೂ, ವಾಹಕಕ್ಕೆ ಧ್ವನಿ ಸೇರಿಸುವ ಮಾಡ್ಯುಲೇಟರಿನ ಔಟ್‌ಪುಟ್‌ನಿಂದ ತಗ್ಗಿಸಿ ತಂದ ಧ್ವನಿಯನ್ನು ಅಡ್ಡ ಅಕ್ಷಕ್ಕೂ ಕೊಡಬೇಕು. ಸ್ಕೋಪಿನ ಪ್ರೋಬನ್ನು ನೇರವಾಗಿ ಟ್ರಾನ್ಸ್‌ಮಿಟರಿನ ಅಂತಿಮ ವರ್ಧಕ ಹಂತಕ್ಕೆ ಎಂದಿಗೂ ತಾಗಿಸಬಾರದು. ಪೂರ್ಣ ಮಾಡ್ಯುಲೇಶನ್ನಿನ ಶಿಖರದಲ್ಲಿ ಅಲ್ಲಿನ ವೋಲ್ಟೇಜ್ ಎರಡು ಪಟ್ಟಾಗುತ್ತದೆ. ಧ್ವನಿಯನ್ನು ಮೈಕಿನ ಕಡೆಯಿಂದ ತೆಗೆದುಕೊಂಡರೆ ನಡುವಿನ ಹಂತಗಳ ಫೇಸ್ ವ್ಯತ್ಯಾಸದಿಂದ ಚಿತ್ರದ ಅಂಚುಗಳು ಒಂದು ಗೆರೆಯಾಗದೆ ಉದ್ದನೆಯ ದೀರ್ಘವೃತ್ತಗಳಾಗಿ ಬಿಚ್ಚಿಕೊಳ್ಳುತ್ತವೆ.

ಈಗ 1 ಕಿಲೋಹರ್ಟ್ಜ್ ಸ್ವರವನ್ನು ಕೊಟ್ಟು ಮಟ್ಟವನ್ನು ನಿಧಾನವಾಗಿ ಏರಿಸಿ. ಚಿತ್ರದ ದೊಡ್ಡ ಬದಿ ಮತ್ತು ಚಿಕ್ಕ ಬದಿಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಆಳ ಸಿಗುತ್ತದೆ: ಪರದೆಯ ಗೆರೆಗಳ ಲೆಕ್ಕದಲ್ಲಿ 6 ಮನೆ ಮತ್ತು 2 ಮನೆ ಇದ್ದರೆ ಶೇಕಡಾ 50. ಚಿಕ್ಕ ಬದಿ ಬಿಂದುವಾಗಿ ಚಿತ್ರ ತ್ರಿಕೋನವಾದಾಗ ಶೇಕಡಾ 100. ಅಲ್ಲಿಂದಾಚೆಗೆ ತ್ರಿಕೋನದ ತುದಿಯಿಂದ ತೆಳು ಗೆರೆಯೊಂದು ಬಾಲದಂತೆ ಹೊರಡುತ್ತದೆ. ಆ ಬಾಲವನ್ನು ಕಂಡೊಡನೆ ಕೈ ಹಿಂದಕ್ಕೆ ಬರಬೇಕು, ಏಕೆಂದರೆ ಅಷ್ಟು ಹೊತ್ತು ವಾಹಕ ಪೂರ್ತಿ ಕಡಿದುಹೋಗಿ, ಹೊಸ ಆವರ್ತನಗಳು ಹುಟ್ಟಿ ನೆರೆಯ ಕೇಂದ್ರದ ಮೇಲೆ ಚೆಲ್ಲುತ್ತಿರುತ್ತವೆ. ಅಂಚುಗಳು ಬಾಗಿದ್ದರೆ ದೋಷ ಧ್ವನಿಮಟ್ಟದ್ದಲ್ಲ; ಅಂತಿಮ ಹಂತಕ್ಕೆ ಹಿಂದಿನ ಹಂತ ಕೊಡುವ ಆರ್.ಎಫ್. (ಡ್ರೈವ್), ಅದರ ಸ್ಥಿರ ವೋಲ್ಟೇಜ್ (ಬಯಾಸ್) ಮತ್ತು ಲೋಡ್‌ಗಳ ಕಡೆ ನೋಡಬೇಕು.

ಆರ್.ಎಫ್. ಪ್ರವಾಹವನ್ನು ಅದರ ಶಾಖದಿಂದ ಅಳೆಯುವ ಥರ್ಮೋಕಪಲ್ ಮೀಟರ್ ಇದ್ದರೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ. ಧ್ವನಿಯಿಲ್ಲದಾಗ 1 ಆಂಪಿಯರ್ ಇದ್ದದ್ದು ಶೇಕಡಾ 50ರಲ್ಲಿ ಸುಮಾರು 1.06ಕ್ಕೂ, ಶೇಕಡಾ 100ರಲ್ಲಿ 1.22ಕ್ಕೂ ಏರಬೇಕು. ಏರುವ ಬದಲು ಇಳಿದರೆ ಅಂತಿಮ ಹಂತಕ್ಕೆ ಡ್ರೈವ್ ಸಾಲದಿರಬಹುದು, ಅಥವಾ ಪವರ್ ಸಪ್ಲೈ ಕುಸಿಯುತ್ತಿರಬಹುದು.

ಸ್ವರದಲ್ಲಿ ಸರಿಯಾಗಿದ್ದದ್ದು ಕಾರ್ಯಕ್ರಮದಲ್ಲಿ ಸರಿಯಾಗಿಯೇ ಇರುತ್ತದೆಂದಲ್ಲ. ತಮಟೆಯ ಒಂದು ಪೆಟ್ಟು ಧ್ವನಿಮಟ್ಟ ತೋರಿಸುವ ವಿ.ಯು. ಮೀಟರಿನ ಮುಳ್ಳು ಏಳುವುದರೊಳಗೆ ಮುಗಿದಿರುತ್ತದೆ. ಆದ್ದರಿಂದ ಮುಳ್ಳನ್ನು ನೆಚ್ಚದೆ, ಕೆಳಮುಖ ಶಿಖರಗಳು (ವಾಹಕ ಕುಗ್ಗುವ ಕಡೆಯವು) ಶೇಕಡಾ 95ನ್ನು ದಾಟದಂತೆ, ಶಿಖರಗಳನ್ನು ತಡೆಹಿಡಿಯುವ ಲಿಮಿಟರನ್ನು ಸ್ಕೋಪ್ ನೋಡುತ್ತಲೇ ಹೊಂದಿಸಬೇಕು. ಮನುಷ್ಯನ ಧ್ವನಿಯ ಅಲೆ ಎರಡೂ ಕಡೆ ಸಮನಾಗಿರುವುದಿಲ್ಲ. ಧ್ವನಿಯ ತಂತಿಗಳನ್ನು ಅದಲುಬದಲು ಮಾಡಿ ಎತ್ತರದ ಶಿಖರಗಳನ್ನು ಮೇಲ್ಮುಖವಾಗಿಸಿದರೆ ಕೆಳಗಡೆ ವಾಹಕ ಕಡಿಯದೆಯೇ ಮಾತು ಜೋರಾಗುತ್ತದೆ. ಅಮೆರಿಕದಲ್ಲಿ ಮೇಲ್ಮುಖವಾಗಿ ಶೇಕಡಾ 125ರವರೆಗೆ ಅವಕಾಶವಿದೆ, ಆದರೆ ನಿಮ್ಮ ಅಂತಿಮ ಹಂತಕ್ಕೆ ಅಷ್ಟು ಮೀಸಲು ಶಕ್ತಿ ಇಲ್ಲದಿದ್ದರೆ ಶಿಖರ ಚಪ್ಪಟೆಯಾಗುತ್ತದೆ.

ಕೊನೆಗೆ ಚಿಕ್ಕ ರೇಡಿಯೊವೊಂದನ್ನು, ಅದು ತಾನೇ ಓವರ್‌ಲೋಡ್ ಆಗದಷ್ಟು ದೂರದಲ್ಲಿಟ್ಟು, ನಿಮ್ಮ ಆವರ್ತನದಿಂದ ಎರಡೂ ಬದಿಗೆ 9 ಕಿಲೋಹರ್ಟ್ಜ್ ಸರಿಸಿ ಆಲಿಸಿ. ನಮ್ಮಲ್ಲಿ ಮಧ್ಯಮ ತರಂಗದ ಕೇಂದ್ರಗಳಿಗಿರುವ ಅಂತರ ಅಷ್ಟೇ. ಮಾತಿನ ಒತ್ತಕ್ಷರಗಳ ಜೊತೆಜೊತೆಗೇ ಚರಚರ ಸದ್ದು ಬರುತ್ತಿದ್ದರೆ ಲಿಮಿಟರಿಗೆ ಹೋಗುವ ಮಟ್ಟವನ್ನಲ್ಲ, ಅದರಿಂದ ಹೊರಬರುವ ಮಟ್ಟವನ್ನು ಅರ್ಧ ಡೆಸಿಬೆಲ್‌ನಷ್ಟು ತಗ್ಗಿಸಿ, ಸದ್ದು ನಿಲ್ಲುವವರೆಗೆ ಮತ್ತೆ ಮತ್ತೆ ಆಲಿಸಿ.