ಪಥ್ಯಕ್ಕೂ ಮೊದಲು ತಟ್ಟೆ ಎಣಿಸಿ

ಒಂದು ಸಣ್ಣ ಲೆಕ್ಕ ಹಾಕೋಣ. ಆಟಿಸಂ ಇರುವ ಐದು ವರ್ಷದ ಮಗು. ಅದು ತಿನ್ನುವುದು, ಕುಡಿಯುವುದು ಎಲ್ಲ ಸೇರಿ ಒಂಬತ್ತೇ ಪದಾರ್ಥ ಅಂದುಕೊಳ್ಳಿ. ಹಾಲು, ಚೀಸ್, ಬ್ರೆಡ್, ನೂಡಲ್ಸ್, ಒಂದೇ ಬ್ರ್ಯಾಂಡಿನ ಬಿಸ್ಕತ್ತು, ಬಿಳಿ ಅನ್ನ, ಬಾಳೆಹಣ್ಣು, ಆಲೂಗಡ್ಡೆ ಚಿಪ್ಸ್, ಸೇಬಿನ ಜ್ಯೂಸ್. ಈಗ ಯಾರೋ ಬಂದು ‘ಗೋಧಿ, ಹಾಲು ನಿಲ್ಲಿಸಿ ನೋಡಿ, ಆಟಿಸಂ ಕಡಿಮೆ ಆಗುತ್ತೆ’ ಅನ್ನುತ್ತಾರೆ. ನಿಲ್ಲಿಸಿದಿರಿ. ಒಂಬತ್ತರಲ್ಲಿ ಐದು ಹೋಯಿತು. ಉಳಿದ ನಾಲ್ಕರಲ್ಲಿ ಪ್ರೋಟೀನ್ ಎಲ್ಲಿದೆ ಹುಡುಕಿ. ಅನ್ನದಲ್ಲಿ ಒಂದಿಷ್ಟು, ಅಷ್ಟೆ. ಕ್ಯಾಲ್ಸಿಯಂ ಅಂತೂ ಹೆಸರಿಗೆ ಮಾತ್ರ.

ಇಂಥ ಮನೆಗಳಲ್ಲಿ ಎರಡು ಪಥ್ಯ ಇರುತ್ತವೆ. ಒಂದು ಮಗು ತನಗೆ ತಾನೇ ಹಾಕಿಕೊಂಡದ್ದು, ಇನ್ನೊಂದು ದೊಡ್ಡವರು ಹಾಕುವುದು. ಎರಡನೆಯದನ್ನು ಶುರು ಮಾಡುವ ಉತ್ಸಾಹದಲ್ಲಿ ಮೊದಲನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಡವುವುದು ಅಲ್ಲೇ. ಹಾಗಾಗಿ ಶುರುವನ್ನು ಅಲ್ಲಿಂದಲೇ ಮಾಡೋಣ.

ಹೆಜ್ಜೆ 1: ಏಳು ದಿನ ಬರೆಯಿರಿ

ಒಂದು ನೋಟ್‌ಬುಕ್ ಸಾಕು. ವಾರವಿಡೀ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಜ್ಯೂಸ್, ಹಾಲು, ಸಿರಪ್ ಕೂಡ ಸೇರಲಿ. ಏನು ತಿಂದಿತು ಅನ್ನುವುದರ ಜೊತೆಗೆ ಯಾವ ಬ್ರ್ಯಾಂಡ್, ಯಾವ ಆಕಾರ, ಬಿಸಿಯೋ ತಣ್ಣಗೋ, ಎಲ್ಲಿ ಕೂತು ತಿಂದಿತು ಅನ್ನುವುದೂ ಬೇಕು. ಪಕ್ಕದಲ್ಲೇ ಮಲವಿಸರ್ಜನೆ ಮತ್ತು ನಿದ್ದೆಯ ಲೆಕ್ಕ. ಬರೆಯದೆ ಇದ್ದರೆ ‘ಅವನು ಏನೂ ತಿನ್ನೋದಿಲ್ಲ’ ಅಥವಾ ‘ಪರವಾಗಿಲ್ಲ, ತಿಂತಾನೆ’ ಅನ್ನುವ ಎರಡೇ ಮಾತು ಉಳಿಯುತ್ತವೆ. ಡಾಕ್ಟರಿಗೆ ಎರಡರಿಂದಲೂ ಉಪಯೋಗವಿಲ್ಲ.

ವಾರದ ಕೊನೆಗೆ ಪದಾರ್ಥಗಳನ್ನು ಎಣಿಸಿ. ಊಟದ ತೊಂದರೆ ನೋಡುವ ಥೆರಪಿಸ್ಟ್‌ಗಳಲ್ಲಿ ಅನೇಕರು 20 ಅನ್ನುವ ಸಂಖ್ಯೆಯನ್ನು ಒಂದು ಗಡಿಯಂತೆ ನೋಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಹೊಸದಾಗಿ ಏನನ್ನೂ ಕಿತ್ತುಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ. ನೇರ ಕೊನೆಯ ಹೆಜ್ಜೆಗೆ ಹೋಗಿ.

ಇದು ಹಠ ಅಲ್ಲ ಅನ್ನುವುದನ್ನು ಮನೆಯವರಿಗೆಲ್ಲ ಒಮ್ಮೆ ಕೂರಿಸಿ ಹೇಳಬೇಕಾಗುತ್ತದೆ. ಮಕ್ಕಳ ಮನೋವೈದ್ಯ ಲಿಯೋ ಕಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದ ಮೊದಲ ಲೇಖನದಲ್ಲೇ ಊಟದ ತೊಂದರೆಯ ಮಾತಿದೆ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಿಸಂ ಇರುವ ಮಕ್ಕಳಲ್ಲಿ ಊಟದ ಸಮಸ್ಯೆ ಬೇರೆ ಮಕ್ಕಳಿಗಿಂತ ಐದು ಪಟ್ಟು ಜಾಸ್ತಿ ಎಂದು ಕಂಡುಬಂತು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತು ದ್ರಾಕ್ಷಿ ತಿಂದರೆ ಒಂದು ಹುಳಿ, ಒಂದು ಸಿಹಿ, ಒಂದು ಮೆತ್ತಗೆ. ಪ್ಯಾಕೆಟ್ ಬಿಸ್ಕತ್ತು ಹಾಗಲ್ಲ. ಇವತ್ತೂ ಅದೇ ರುಚಿ, ನಾಳೆಯೂ ಅದೇ ಸದ್ದು. ನಾಲಿಗೆ, ಮೂಗು, ಕಿವಿ ಎಲ್ಲ ಅತಿ ಚುರುಕಾಗಿರುವ ಮಗುವಿಗೆ ನಂಬಿಕೆಗೆ ಅರ್ಹವಾಗಿ ಕಾಣುವುದು ಯಾವುದು, ಹೇಳಿ?

ಹೆಜ್ಜೆ 2: ಹೊಟ್ಟೆ, ಹಲ್ಲು, ಔಷಧಿ ನೋಡಿಸಿ

ಮಲಬದ್ಧತೆ ಇರುವ ಮಗುವಿಗೆ ಹಸಿವಾಗುವುದಿಲ್ಲ. ಎದೆಯುರಿ ಇರುವ ಮಗು ನುಂಗಲು ಹೆದರುತ್ತದೆ. ಹುಳುಕು ಹಲ್ಲಿದ್ದರೆ ಅಗಿಯುವುದಿಲ್ಲ. ಮಾತು ಬಾರದ ಮಗು ಇದನ್ನೆಲ್ಲ ಹೇಳುವುದು ತಟ್ಟೆ ತಳ್ಳಿ, ಕಿರುಚಿ, ತಲೆ ಚಚ್ಚಿಕೊಂಡು. ನಾವು ಅದಕ್ಕೆ ‘ಬಿಹೇವಿಯರ್’ ಅಂತ ಹೆಸರಿಡುತ್ತೇವೆ.

ಔಷಧಿಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ. ಗಮನ ಹೆಚ್ಚಿಸಲು ಕೊಡುವ ಸ್ಟಿಮ್ಯುಲಂಟ್ ಔಷಧಿಗಳು ಹಸಿವು ಕುಗ್ಗಿಸುತ್ತವೆ. ಸಿಟ್ಟು, ಸಿಡುಕಿಗೆ ಕೊಡುವ ರಿಸ್ಪೆರಿಡೋನ್ ಇದಕ್ಕೆ ವಿರುದ್ಧ, ಹಸಿವನ್ನೂ ತೂಕವನ್ನೂ ಏರಿಸುತ್ತದೆ. ಮಗು ಮಣ್ಣು, ಸುಣ್ಣ, ಕಾಗದ ತಿನ್ನುತ್ತಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಎಷ್ಟಿದೆ, ಸೀಸ ಸೇರಿದೆಯೇ ಅಂತ ನೋಡಿಸಿ.

ಹೆಜ್ಜೆ 3: ನಿಲ್ಲಿಸುವ ಮೊದಲೇ ಪರೀಕ್ಷೆ

ಇದೊಂದನ್ನು ಮಾತ್ರ ಹಿಂದೆ ಮುಂದೆ ಮಾಡಬೇಡಿ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಇರುವ ಪ್ರೋಟೀನಿನ ಹೆಸರು ಗ್ಲುಟೆನ್. ಕೆಲವರಿಗೆ ಇದರಿಂದ ಸಿಲಿಯಾಕ್ ಅನ್ನುವ ಕಾಯಿಲೆ ಬರುತ್ತದೆ. ಕರುಳಿನ ಒಳಪದರವೇ ಹಾಳಾಗುತ್ತದೆ. ಇದನ್ನು ಹಿಡಿಯುವ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ದೇಹ ತಯಾರಿಸುವ ಪ್ರತಿಕಾಯಗಳನ್ನು. ನೀವು ಆರು ತಿಂಗಳು ಗೋಧಿ ನಿಲ್ಲಿಸಿ ಆಮೇಲೆ ಪರೀಕ್ಷೆ ಮಾಡಿಸಿದರೆ ಆ ಪ್ರತಿಕಾಯಗಳು ಇಳಿದಿರುತ್ತವೆ. ಕಾಯಿಲೆ ಇದ್ದರೂ ರಿಪೋರ್ಟು ‘ಇಲ್ಲ’ ಅನ್ನಬಹುದು. ಸರಿಯಾದ ಉತ್ತರ ಬೇಕೆಂದರೆ ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಬೇಕು. ಆ ಹೊತ್ತಿಗೆ ಮಗು ಗೋಧಿಯ ಪದಾರ್ಥ ಮುಟ್ಟುವುದನ್ನೇ ಬಿಟ್ಟಿರುತ್ತದೆ.

ಹಾಲಿನ ವಿಷಯದಲ್ಲಿ ಮೂರು ಬೇರೆ ಬೇರೆ ತೊಂದರೆಗಳನ್ನು ಜನ ಒಂದೇ ಮಾಡಿಬಿಡುತ್ತಾರೆ. ಲ್ಯಾಕ್ಟೋಸ್ ಅನ್ನುವುದು ಹಾಲಿನ ಸಕ್ಕರೆ, ಅದು ಅರಗದಿದ್ದರೆ ಹೊಟ್ಟೆಯುಬ್ಬರ, ಭೇದಿ. ಹಾಲಿನ ಪ್ರೋಟೀನಿಗೆ ಅಲರ್ಜಿ ಬೇರೆ. ಆಟಿಸಂಗಾಗಿ ಹೇಳುವ ಪಥ್ಯದಲ್ಲಿ ಬಿಡಬೇಕಾದ್ದು ಕೇಸಿನ್ ಅನ್ನುವ ಪ್ರೋಟೀನು. ಹಾಗಾಗಿ ‘ಲ್ಯಾಕ್ಟೋಸ್ ಇಲ್ಲದ ಹಾಲು’ ತಂದು ಕೇಸಿನ್ ಬಿಟ್ಟಿದ್ದೇವೆ ಅಂದುಕೊಂಡರೆ ಸುಮ್ನೆ ದುಡ್ಡು ದಂಡ.

ಇನ್ನೊಂದು ದಂಡದ ಖರ್ಚು: ‘ನೂರು ಆಹಾರಕ್ಕೆ ಒಂದೇ ಪರೀಕ್ಷೆ’ ಅಂತ ಮಾರುವ ಐಜಿಜಿ ಪರೀಕ್ಷೆ. ಐಜಿಜಿ ಅನ್ನುವುದು ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ. ಅದು ಹೇಳುವುದು ಆ ಆಹಾರವನ್ನು ನೀವು ತಿಂದಿದ್ದೀರಿ ಅಂತ ಮಾತ್ರ. ಅಲರ್ಜಿ ತಜ್ಞರ ಸಂಘಗಳು ಇದು ಬೇಡವೆಂದೇ ಹೇಳಿವೆ. ಇದರ ರಿಪೋರ್ಟು ಹಿಡಿದು ಮೊಟ್ಟೆ, ಸೋಯಾ, ಬಾಳೆಹಣ್ಣು ಎಲ್ಲ ಕಿತ್ತುಕೊಂಡರೆ ಮಗುವಿಗೆ ಉಳಿಯುವುದೇನು?

ಹೆಜ್ಜೆ 4: ಏನು ನಿರೀಕ್ಷಿಸಬಹುದು, ತಿಳಿದುಕೊಳ್ಳಿ

ಗ್ಲುಟೆನ್-ಕೇಸಿನ್ ಪಥ್ಯದ ಬೇರು 1979ರಲ್ಲಿದೆ. ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ, ಆಟಿಸಂಗೆ ಮಿದುಳಿನ ಓಪಿಯಾಯ್ಡ್ ವ್ಯವಸ್ಥೆಯ, ಅಂದರೆ ಮಿದುಳೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳ ಜೊತೆ ಸಂಬಂಧ ಇರಬಹುದು ಎಂದು ಊಹಿಸಿದರು. ಆ ಊಹೆ ಮುಂದೆ ಬೆಳೆಯಿತು. ಗೋಧಿ, ಹಾಲಿನ ಪ್ರೋಟೀನು ಪೂರ್ತಿ ಜೀರ್ಣವಾಗದೆ ತುಣುಕಾಗಿ ಉಳಿಯುತ್ತದೆ, ಆ ತುಣುಕು ಸೋರುವ ಕರುಳಿನಿಂದ ರಕ್ತ ಸೇರಿ ಅಫೀಮಿನ ಹಾಗೆ ಮಿದುಳಿನ ಮೇಲೆ ಕೆಲಸ ಮಾಡುತ್ತದೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಪರೀಕ್ಷೆಯಲ್ಲಿ ನಿಂತಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ, ಪಥ್ಯದಲ್ಲಿದ್ದ 14 ಮಕ್ಕಳಿಗೆ ನೋಡಲು ಒಂದೇ ರೀತಿಯ ತಿಂಡಿ ಕೊಟ್ಟರು. ಕೆಲವು ವಾರ ಅದರೊಳಗೆ ಗ್ಲುಟೆನ್, ಕೆಲವು ವಾರ ಕೇಸಿನ್, ಕೆಲವು ವಾರ ಎರಡೂ, ಕೆಲವು ವಾರ ಏನೂ ಇಲ್ಲ. ಯಾವುದರಲ್ಲಿ ಏನಿದೆ ಅಂತ ಅಪ್ಪ ಅಮ್ಮನಿಗೂ ಗೊತ್ತಿರಲಿಲ್ಲ. ನಿದ್ದೆ, ಮಲ, ವರ್ತನೆ ಯಾವುದರಲ್ಲೂ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ. ಚಿಕ್ಕ ಪ್ರಯೋಗ, ನಿಜ. ಆದರೂ ಕಟ್ಟುನಿಟ್ಟಿನದು. ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಆಟಿಸಂನ ಮೂಲ ಲಕ್ಷಣಗಳಿಗಾಗಿ ಈ ಪಥ್ಯ ಬಳಸಬೇಡಿ ಎಂದಿದೆ.

‘ಹಾಗಾದರೆ ನಮ್ಮ ಪರಿಚಯದ ಮಗು ಸುಧಾರಿಸಿದ್ದು?’ ಈ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳು ಅನ್ನಲಾರೆ. ಹಾಲು ಅರಗದ ಮಗುವಿಗೆ ಹಾಲು ನಿಲ್ಲಿಸಿದರೆ ಹೊಟ್ಟೆನೋವು ಹೋಗುತ್ತದೆ, ರಾತ್ರಿ ನಿದ್ದೆ ಬರುತ್ತದೆ, ಹಗಲು ಗಲಾಟೆ ಇಳಿಯುತ್ತದೆ. ಅದು ಹೊಟ್ಟೆ ಸರಿಹೋದದ್ದು. ಜೊತೆಗೆ ಪಥ್ಯ ಆರು ತಿಂಗಳು ನಡೆದಿದ್ದರೆ ಅಷ್ಟರಲ್ಲಿ ಮಗು ಆರು ತಿಂಗಳು ದೊಡ್ಡದೂ ಆಗಿರುತ್ತದೆ, ಅಲ್ವಾ?

ಹೆಜ್ಜೆ 5: ಮಾಡುವುದೇ ಆದರೆ, ಮೊದಲು ಸೇರಿಸಿ, ಆಮೇಲೆ ತೆಗೆಯಿರಿ

ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕಿದ್ದರೆ ಪಥ್ಯ ಮಾಡಲೇಬೇಕು. ಸಿಗದೆ ಇದ್ದರೂ ಒಮ್ಮೆ ನೋಡಿಯೇ ಬಿಡೋಣ ಅನ್ನುವವರೂ ಇದ್ದಾರೆ. ಇಬ್ಬರಿಗೂ ಡಯಟಿಷಿಯನ್ ಬೇಕು. ಒಂದು ಸಲಕ್ಕೆ ಒಂದನ್ನೇ ತೆಗೆಯಿರಿ. ಅದರ ಜಾಗಕ್ಕೆ ಬರುವ ಪದಾರ್ಥವನ್ನು ಮಗು ಈಗಾಗಲೇ ತಿನ್ನುತ್ತಿರಬೇಕು. ‘ನಿಲ್ಲಿಸಿದರೆ ಹಸಿವಿಗೆ ತಾನೇ ಬೇರೆ ತಿಂತಾನೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಈ ಮಕ್ಕಳಲ್ಲಿ ಕೆಲವರು ಉಪವಾಸ ಇರುತ್ತಾರೆಯೇ ಹೊರತು ತಿನ್ನುವುದಿಲ್ಲ.

ಹಾಲು ಬಿಡುವವರು ಈ ಸಂಖ್ಯೆಗಳನ್ನು ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಿ. ಅಮೆರಿಕದ ಶಿಫಾರಸಿನ ಪ್ರಕಾರ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1ರಿಂದ 3 ವರ್ಷಕ್ಕೆ 700 ಮಿಲಿಗ್ರಾಂ, 4ರಿಂದ 8 ವರ್ಷಕ್ಕೆ 1000, 9ರಿಂದ 18 ವರ್ಷಕ್ಕೆ 1300. ಒಂದು ದೊಡ್ಡ ಲೋಟ, ಅಂದರೆ 240 ಮಿಲಿಲೀಟರ್ ಹಾಲಿನಲ್ಲಿ ಇರುವುದು ಸುಮಾರು 300. ಮೂರು ಲೋಟ ನಿಲ್ಲಿಸಿದರೆ 900 ಮಿಲಿಗ್ರಾಂಗೆ ಬೇರೆ ದಾರಿ ಹುಡುಕಬೇಕು. ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಪ್ರೋಟೀನಿನಲ್ಲೂ ಹತ್ತಿರ ಬರುತ್ತದೆ. ಬಾದಾಮಿ ಹಾಲು, ಅಕ್ಕಿ ಹಾಲುಗಳಲ್ಲಿ ಪ್ರೋಟೀನು ತೀರಾ ಕಡಿಮೆ. ಅಕ್ಕಿ ಹಾಲನ್ನು, ಅದರಲ್ಲಿರುವ ಆರ್ಸೆನಿಕ್ ಕಾರಣಕ್ಕೆ, ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಎಂದು ಬ್ರಿಟನ್ನಿನಲ್ಲಿ ಹೇಳುತ್ತಾರೆ. ಇದೆಲ್ಲ ಕಾಗದದ ಮೇಲಿನ ಚಿಂತೆ ಅಲ್ಲ. 2008ರಲ್ಲಿ ಆಟಿಸಂ ಇರುವ 75 ಹುಡುಗರ ಎಲುಬು ಅಳೆದಾಗ ಅವು ಬೇಕಾದ್ದಕ್ಕಿಂತ ತೆಳುವಾಗಿದ್ದವು. ಹಾಲು ಬಿಟ್ಟವರಲ್ಲಿ ಇನ್ನೂ ತೆಳು.

ಲೇಬಲ್ ಓದುವುದು ಒಂದು ವಿದ್ಯೆ. ಕೇಸಿನೇಟ್, ವೇ, ಹಾಲಿನ ಪುಡಿ ಅಂದರೆ ಹಾಲೇ. ಮಾಲ್ಟ್ ಅಂದರೆ ಬಾರ್ಲಿ. ಬಹುತೇಕ ಸೋಯಾ ಸಾಸ್‌ಗಳಲ್ಲಿ ಗೋಧಿಯೂ ಇರುತ್ತದೆ. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಬೆರೆಯುತ್ತದೆ. ‘ಗ್ಲುಟೆನ್ ಇಲ್ಲದ್ದು’ ಎಂದು ಬರೆಯಲು ಅಂತರರಾಷ್ಟ್ರೀಯ ಮಿತಿ ಕಿಲೋಗೆ 20 ಮಿಲಿಗ್ರಾಂ. ಮಕ್ಕಳು ಆಡುವ ಬಣ್ಣದ ಹಿಟ್ಟಿನ ಮುದ್ದೆಯಲ್ಲೂ ಗೋಧಿ ಇರಬಹುದು. ಆಡುತ್ತಾ ಬಾಯಿಗೆ ಹಾಕಿಕೊಳ್ಳುವ ಮಗುವಿಗೆ ಸಿಲಿಯಾಕ್ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಸುಮ್ನೆ ನೋಡೋಣ ಅಂತ ಶುರು ಮಾಡಿದವರು ಮುಗಿಸುವ ದಿನವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಯಾವ ಮೂರು ವಿಷಯ ಬದಲಾಗಬೇಕು ಅನ್ನುವುದನ್ನೂ ಬರೆಯಿರಿ. ರಾತ್ರಿ ಎಷ್ಟು ಸಲ ಏಳುತ್ತದೆ, ವಾರಕ್ಕೆ ಎಷ್ಟು ಸಲ ಮಲ, ದಿನಕ್ಕೆ ಎಷ್ಟು ಸಲ ಕಿರುಚಾಟ. ಎಣಿಸಲು ಬರುವಂಥದ್ದೇ ಇರಲಿ. ‘ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ ಈಗ’ ಅನ್ನುವುದು ಆಸೆಯ ಕಣ್ಣಿಗೆ ಬೇಗ ಕಾಣುತ್ತದೆ. ಪಥ್ಯದ ವಿಷಯ ಗೊತ್ತಿಲ್ಲದ ಯಾರಾದರೂ, ಉದಾಹರಣೆಗೆ ಥೆರಪಿಯವರು, ಬೇರೆಯಾಗಿ ಎಣಿಸಿದರೆ ಇನ್ನೂ ಒಳ್ಳೆಯದು. ಅಲರ್ಜಿ ಇದ್ದರೆ ಮಾತ್ರ ಯಾರಿಂದಲೂ ಮುಚ್ಚಿಡಬೇಡಿ, ಶಾಲೆಗೆ ಬರೆದೇ ಕೊಡಿ. ಕ್ಯಾಲೆಂಡರಿನಲ್ಲಿ ಬರೆದ ದಿನ ಬಂದಾಗ ಲೆಕ್ಕ ಬದಲಾಗಿಲ್ಲವೇ? ನಿಲ್ಲಿಸಿದ್ದನ್ನು ವಾಪಸ್ ಕೊಡಿ.

ಹೆಜ್ಜೆ 6: ಪಟ್ಟಿಯನ್ನು ಒಂದೊಂದಾಗಿ ಉದ್ದ ಮಾಡಿ

ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ಮಗ ಹಾಲು ಮಾತ್ರ ಖುಷಿಯಿಂದ ಕುಡಿಯುತ್ತಿದ್ದ ಕಾಲವದು. ಅದರೊಳಗೆ ವಿಟಮಿನ್ ಪುಡಿ ಕಲಸಿ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಇಟ್ಟವನು ಮತ್ತೆ ನಾಲ್ಕು ತಿಂಗಳು ಹಾಲು ಮುಟ್ಟಲಿಲ್ಲ. ಇದ್ದ ಪಟ್ಟಿಯಿಂದ ಒಂದು ಹೋಯಿತು, ಹೋದದ್ದು ಅತಿ ಮುಖ್ಯವಾದದ್ದೇ. ಮಗು ನಂಬಿದ ಪದಾರ್ಥದೊಳಗೆ ಏನನ್ನೂ ಬಚ್ಚಿಡಬೇಡಿ. ಬೆರೆಸಲೇಬೇಕಾದರೆ ಮಗುವಿನ ಎದುರಿಗೇ ಬೆರೆಸಿ, ಬೇರೆ ಬಣ್ಣದ ಲೋಟದಲ್ಲಿ ಕೊಡಿ.

ನಿಜಕ್ಕೂ ಕೆಲಸಕ್ಕೆ ಬರುವುದು ಸರಪಳಿಯ ದಾರಿ. ಮಗು ತಿನ್ನುವ ಒಂದು ಪದಾರ್ಥದಿಂದ ಶುರು ಮಾಡಿ, ಒಂದು ಸಲಕ್ಕೆ ಒಂದೇ ಗುಣ ಬದಲಿಸುತ್ತಾ ಹೋಗುವುದು. ಆಲೂಗಡ್ಡೆ ಚಿಪ್ಸ್ ತಿನ್ನುತ್ತದೆಯೇ? ಮೊದಲು ಅದೇ ಚಿಪ್ಸ್, ಬೇರೆ ಬ್ರ್ಯಾಂಡು. ಆಮೇಲೆ ಸ್ವಲ್ಪ ದಪ್ಪದ ಚಿಪ್ಸ್. ಆಮೇಲೆ ಮನೆಯಲ್ಲಿ ಉದ್ದಕ್ಕೆ ಹೆಚ್ಚಿ ಕರಿದದ್ದು. ಆಮೇಲೆ ಓವನ್‌ನಲ್ಲಿ ಬೇಯಿಸಿದ್ದು. ಅದೇ ಆಕಾರದಲ್ಲಿ ಸಿಹಿಗೆಣಸು. ಕೊನೆಗೆ ಕ್ಯಾರೆಟ್. ಒಂದೊಂದು ಕೊಂಡಿಗೆ ವಾರಗಳು ಬೇಕಾಗಬಹುದು. ನಡುವೆ ಹಿಂದಕ್ಕೂ ಬರಬೇಕಾಗಬಹುದು.

ಪ್ರತಿ ಊಟದಲ್ಲೂ ನಂಬಿದ ಪದಾರ್ಥ ಒಂದಾದರೂ ತಟ್ಟೆಯಲ್ಲಿರಲಿ. ಹೊಸದು ಪಕ್ಕದ ಪುಟ್ಟ ಬಟ್ಟಲಲ್ಲಿ, ಬಟಾಣಿಯಷ್ಟು. ಮೊದಲ ವಾರ ಅದು ಮೇಜಿನ ಮೇಲೆ ಇದ್ದರೆ ಸಾಕು. ಆಮೇಲೆ ಮುಟ್ಟುವುದು, ಮೂಸುವುದು, ನೆಕ್ಕುವುದು, ಬಾಯಿಗಿಟ್ಟು ಉಗಿಯುವುದು. ಹೌದು, ಉಗಿಯಲು ಬಿಡಿ, ಒಂದು ಕಾಗದ ಕೈಗೆ ಕೊಟ್ಟಿರಿ. ಸಾಮಾನ್ಯ ಮಕ್ಕಳಿಗೇ ಹೊಸ ರುಚಿ ಒಗ್ಗಲು 8ರಿಂದ 15 ಸಲ ಬೇಕು ಅನ್ನುತ್ತಾರೆ. ಇವರಿಗೆ ಅದಕ್ಕಿಂತ ಜಾಸ್ತಿ ಹಿಡಿದುಕೊಳ್ಳಿ. ತಿಂದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿ ಹೋ ಎಂದು ಕೂಗುವುದು ಬೇಡ. ಸದ್ದಿಗೆ ಹೆದರುವ ಮಗುವಿಗೆ ಅದು ಶಿಕ್ಷೆಯೇ.

ಊಟ, ತಿಂಡಿ ಮಧ್ಯೆ ಎರಡೂವರೆ ಮೂರು ಗಂಟೆ ಬಿಡುವಿರಲಿ, ನಡುವೆ ನೀರು ಮಾತ್ರ. ದಿನವಿಡೀ ಜ್ಯೂಸ್, ಬಿಸ್ಕತ್ತು ಕೈಯಲ್ಲಿದ್ದರೆ ಮೇಜಿಗೆ ಬರುವಾಗ ಹಸಿವೇ ಇರುವುದಿಲ್ಲ. ಒಂದೇ ಬ್ರ್ಯಾಂಡಿಗೆ ಜೋತುಬಿದ್ದ ಮಗುವಿದ್ದರೆ, ಕಂಪನಿ ಪ್ಯಾಕೆಟ್ಟಿನ ಬಣ್ಣ ಬದಲಿಸುವ ದಿನಕ್ಕೆ ಈಗಲೇ ತಯಾರಾಗಿ. ತಂದ ಕೂಡಲೇ ಬಿಸ್ಕತ್ತನ್ನು ಡಬ್ಬಿಗೆ ಸುರಿದುಬಿಡಿ, ಪ್ಯಾಕೆಟ್ ಕಾಣಿಸುವುದೇ ಬೇಡ.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ್ದು ಯಾವಾಗ?

ತೂಕ ಇಳಿಯುತ್ತಿದ್ದರೆ, ಎತ್ತರ ನಿಂತಿದ್ದರೆ, ತಿನ್ನುವಾಗ ಕೆಮ್ಮಿ ಉಸಿರುಕಟ್ಟಿದರೆ, ನೀರನ್ನೂ ಬಿಟ್ಟರೆ ಒಂದು ದಿನವೂ ಕಾಯಬೇಡಿ. ಊಟದ ಪಟ್ಟಿ ಹೀಗೆ ಕುಗ್ಗಿ ಆರೋಗ್ಯ ಕೆಡುವ ಸ್ಥಿತಿಗೆ 2013ರಿಂದ ಆರ್ಫಿಡ್ ಅನ್ನುವ ಹೆಸರಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಸಂಜೆಯಾದರೆ ಕಣ್ಣು ಕಾಣದೆ ತಡವರಿಸುತ್ತಿದ್ದರೆ ವಿಟಮಿನ್ ಎ ಕೊರತೆ ಇರಬಹುದು. ಮಗು ಇದ್ದಕ್ಕಿದ್ದಂತೆ ಕುಂಟಿದರೆ, ನಡೆಯಲು ಒಲ್ಲೆ ಎಂದರೆ, ಒಸಡಿನಲ್ಲಿ ರಕ್ತ ಕಂಡರೆ ವಿಟಮಿನ್ ಸಿ ಕೊರತೆಯ ಸ್ಕರ್ವಿ ಇರಬಹುದು. ಹಳೆಯ ಕಾಲದ ನಾವಿಕರ ಕಾಯಿಲೆ ಅಂತ ನಾವು ಓದಿದ್ದು, ಆಟಿಸಂ ಇರುವ ಮಕ್ಕಳಲ್ಲಿ ಇವತ್ತಿಗೂ ವರದಿಯಾಗುತ್ತಿದೆ. ಕುಂಟುವ ಮಗುವನ್ನು ಕಂಡರೆ ಯಾರಿಗಾದರೂ ಮೊದಲು ನೆನಪಾಗುವುದು ಮೂಳೆ, ಕೀಲು. ಎಕ್ಸ್‌ರೇ, ಸ್ಕ್ಯಾನ್ ಅಂತ ವಾರಗಳು ಕಳೆಯುತ್ತವೆ. ಮಗು ವರ್ಷದಿಂದ ಒಂದು ಹಣ್ಣೂ ತಿಂದಿಲ್ಲ ಅನ್ನುವುದನ್ನು ಯಾರೂ ಕೇಳಿರುವುದಿಲ್ಲ, ನಾವೂ ಹೇಳಿರುವುದಿಲ್ಲ. ಮೊದಲ ವಾರ ಬರೆದ ಆ ನೋಟ್‌ಬುಕ್ ಇದೆಯಲ್ಲ, ಅದನ್ನು ಡಾಕ್ಟರ ಮೇಜಿನ ಮೇಲೆ ತೆರೆದಿಡಿ.