ಹುಳಿ ಕಹಿಯಾಯಿತೇ? ಬೆಲ್ಲಕ್ಕೆ ಕೈ ಹಾಕುವ ಮುಂಚೆ

ಹೋದ ವಾರ ಮಗಳು ಫೋನ್ ಮಾಡಿದ್ದಳು. "ಅಮ್ಮಾ, ಹುಳಿ ಕಹಿ ಆಗಿಬಿಟ್ಟಿದೆ. ಒಂದು ಚೂರು ಬೆಲ್ಲ ಹಾಕಿದೆ, ಸರಿಹೋಗ್ಲಿಲ್ಲ. ಇನ್ನೊಂದು ಚೂರು ಹಾಕಿದೆ. ಈಗ ಸಿಹಿನೂ ಇದೆ, ಕಹಿನೂ ಇದೆ. ಏನ್ ಮಾಡ್ಲಿ?"

"ತರಕಾರಿ ಏನು ಹಾಕಿದೀಯಾ?" ಅಂದೆ. ಬೀನ್ಸು, ಕ್ಯಾರೆಟ್ಟು ಅಂದಳು. ಎರಡೂ ಕಹಿಯಾಗುವ ತರಕಾರಿ ಅಲ್ಲ. ತಳ ಹಿಡಿದಿದೆಯಾ ಅಂದರೆ ಇಲ್ಲ ಅಂದಳು. "ಹಾಗಾದ್ರೆ ಹುಳಿಪುಡಿ ಡಬ್ಬಿ ತೆಗಿ. ಒಂದು ಚಿಟಿಕೆ ನಾಲಿಗೆ ಮೇಲೆ ಹಾಕ್ಕೊಂಡು ನೋಡು" ಅಂದೆ. ಒಂದು ಕ್ಷಣ ಮಾತಿಲ್ಲ. ಆಮೇಲೆ "ಥೂ, ಇದೇ ಅಮ್ಮಾ" ಅಂದಳು. ಪುಡಿ ಮಾಡುವಾಗ ಮೆಂತ್ಯ ಸೀದಿತ್ತು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಅಡುಗೆ ಕಹಿಯಾದಾಗ ಎಲ್ಲರ ಕೈ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಆದರೆ ಕಹಿ ಎಲ್ಲಿಂದ ಬಂತು ಅಂತ ಮೊದಲು ಹುಡುಕಬೇಕು. ತರಕಾರಿಯ ಹುಟ್ಟುಗುಣದ ಕಹಿ ಬೇರೆ, ನಮ್ಮ ಉರಿಯಿಂದ ಆದ ಕಹಿ ಬೇರೆ. ಇನ್ನೊಂದು ಕಹಿ ಇದೆ, ಅದನ್ನು ಕಡಿಮೆ ಮಾಡುವ ಯೋಚನೆಯನ್ನೇ ಮಾಡಬಾರದು. ಅದನ್ನು ಕೊನೆಗೆ ಹೇಳುತ್ತೇನೆ.

ಮೆಂತ್ಯದ ವಿಷಯ ಸ್ವಲ್ಪ ನಿಂತು ನೋಡೋಣ. ಒಂದು ಲೋಟ ಧನಿಯಕ್ಕೆ ಎರಡು ಟೀ ಚಮಚ ಮೆಂತ್ಯ ಸಾಕು. ಬೇರೆ ಸಾಮಾನಿನ ಜೊತೆ ಸೇರಿಸಿ ಹುರಿಯಬೇಡಿ, ಒಂದೇ ಹದಕ್ಕೆ ಬರುವುದಿಲ್ಲ. ಸಣ್ಣ ಉರಿಯಲ್ಲಿ ಬೇರೆಯಾಗಿಯೇ ಹುರಿಯಿರಿ. ಕಾಳು ಹೊಂಬಣ್ಣಕ್ಕೆ ತಿರುಗಿ ಘಮ್ಮೆಂದ ತಕ್ಷಣ ತಟ್ಟೆಗೆ ಸುರಿದುಬಿಡಬೇಕು. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಅದು ಕಂದು ದಾಟಿ ಕಪ್ಪಾಗುತ್ತದೆ. ಎಷ್ಟೋ ಮನೆಯಲ್ಲಿ ತಪ್ಪುವುದು ಇಲ್ಲೇ. ಹುರಿಯುವುದರಲ್ಲಿ ಅಲ್ಲ, ಕೆಳಗಿಳಿಸಿದ ಮೇಲೆ.

ಒಗ್ಗರಣೆಯೂ ಹಾಗೇ. ಎಣ್ಣೆ ಹೊಗೆಯಾಡುವಷ್ಟು ಕಾದರೆ ಸಾಸಿವೆ ಸಿಡಿಯುವ ಮುಂಚೆ ಸೀಯುತ್ತದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕಪ್ಪಾದರೂ ಅಷ್ಟೇ. ಸೀದ ಒಗ್ಗರಣೆಯನ್ನು "ಇರಲಿ ಬಿಡು" ಅಂತ ಸುರಿಯಬೇಡಿ. ಎರಡು ಚಮಚ ಎಣ್ಣೆ ಹೋದರೆ ಹೋಗಲಿ, ಪಾತ್ರೆ ತುಂಬ ಹುಳಿ ಉಳಿಯುತ್ತದೆ ಅಲ್ವಾ? ತಳ ಹಿಡಿದಾಗ ಸೌಟು ಹಾಕಿ ಕೆದಕುವುದೂ ತಪ್ಪು. ಅಲುಗಿಸದೆ ಮೇಲಿನದನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಳ್ಳಿ. ತಳದ್ದನ್ನು ಬಿಟ್ಟುಬಿಡಿ.

ಮಗಳ ಹುಳಿಗೆ ಏನು ಮಾಡಿಸಿದೆ ಅಂದರೆ, ಇನ್ನೊಂದು ಲೋಟ ಬೇಳೆ ಬೇಯಿಸಿ ಸೇರಿಸು ಅಂದೆ. ಎರಡು ಹಿಡಿ ತೆಂಗಿನಕಾಯಿ ತುರಿ ನುಣ್ಣಗೆ ರುಬ್ಬಿ ಹಾಕಿಸಿದೆ. ಹುಣಸೆರಸ ಸ್ವಲ್ಪ, ಉಪ್ಪು ಸ್ವಲ್ಪ. ಕಹಿ ಪೂರ್ತಿ ಹೋಗಲಿಲ್ಲ, ಆದರೆ ಊಟ ಮಾಡುವ ಹಾಗಾಯಿತು. ಪುಡಿಯನ್ನು ಮಾತ್ರ ಎಸೆಯಲು ಹೇಳಿದೆ. ಅದನ್ನು ಸರಿಮಾಡಲು ಯಾವ ಉಪಾಯವೂ ಇಲ್ಲ.

ಉಪ್ಪು ಅಂದೆನಲ್ಲ, ಅದು ಸುಮ್ನೆ ರುಚಿಗೆ ಅಂತಲ್ಲ. ಉಪ್ಪು ನಾಲಿಗೆಗೆ ಕಹಿ ತಿಳಿಯುವುದನ್ನೇ ತಗ್ಗಿಸುತ್ತದೆ. ಕಹಿ ಅನ್ನಿಸಿದಾಗ ಮೊದಲು ಉಪ್ಪು ಸರಿ ಇದೆಯಾ ನೋಡಿ. ಆಮೇಲೆ ಹುಳಿ. ಬೆಲ್ಲ ಕೊನೆಗೆ.

ಈಗ ಹಾಗಲಕಾಯಿ. ನನ್ನ ತವರು ತೀರ್ಥಹಳ್ಳಿ ಕಡೆ, ಸೇರಿದ್ದು ಮೈಸೂರು. ಎರಡೂ ಮನೆಯಲ್ಲಿ ಹಾಗಲಕಾಯಿ ಗೊಜ್ಜು ಅಂದರೆ ಪ್ರಾಣ. ಕಹಿಯನ್ನು ಪೂರ್ತಿ ತೆಗೆದರೆ ಅದು ಹಾಗಲಕಾಯಿಯೇ ಅಲ್ಲ ಅನ್ನುವವಳು ನಾನು. ಆದರೂ ಮಕ್ಕಳು ತಿನ್ನಬೇಕಾದರೆ ಸ್ವಲ್ಪ ಇಳಿಸಲೇಬೇಕು. ಎಳೆಯ, ಗಟ್ಟಿ ಕಾಯಿ ಆರಿಸಿ. ಮೇಲಿನ ಮುಳ್ಳನ್ನು ಚಾಕುವಿನಿಂದ ಹಗುರವಾಗಿ ಹೆರೆಯಿರಿ, ಹಸಿರೆಲ್ಲ ಹೋಗುವಷ್ಟು ಬೇಡ. ಸೀಳಿ ಬೀಜ, ತಿರುಳು ತೆಗೆದು ತೆಳ್ಳಗೆ ಹೆಚ್ಚಿ. ಕಾಲು ಕೆಜಿಗೆ ಒಂದು ಚಮಚ ಉಪ್ಪು, ಚಿಟಿಕೆ ಅರಿಶಿನ ಹಾಕಿ ಕೈಯಲ್ಲಿ ಚೆನ್ನಾಗಿ ಉಜ್ಜಿ ಅರ್ಧ ಗಂಟೆ ಬಿಡಿ. ಹೋಳು ಬಾಡಿದ ಹಾಗಾಗಿ ಪಾತ್ರೆಯ ತಳದಲ್ಲಿ ಹಸಿರು ನೀರು ನಿಂತಿರುತ್ತದೆ. ಹಿಡಿ ಹಿಡಿಯಾಗಿ ತೆಗೆದು ಬಿಗಿಯಾಗಿ ಹಿಂಡಿ. ಆ ನೀರನ್ನು ಒಂದು ತೊಟ್ಟು ನೆಕ್ಕಿ ನೋಡಿ, ಎಷ್ಟು ಕಹಿ ಹೊರಗೆ ಬಂತು ಅಂತ ಗೊತ್ತಾಗುತ್ತದೆ.

ಹಿಂಡಿದ ಮೇಲೆ ಒಮ್ಮೆ ತೊಳೆಯಿರಿ, ಇಲ್ಲದಿದ್ದರೆ ಗೊಜ್ಜು ಉಪ್ಪಾಗುತ್ತದೆ. ಆಮೇಲೆ ಎಣ್ಣೆ ಜಾಸ್ತಿ ಅನ್ನಿಸಿದರೂ ಕೈ ಹಿಡಿಯಬೇಡಿ. ಹೋಳಿನ ಅಂಚು ಕೆಂಪಾಗುವ ತನಕ, ಮುಚ್ಚಳ ಮುಚ್ಚದೆ ಹುರಿಯಬೇಕು. ನಂತರ ಗಟ್ಟಿ ಹುಣಸೆರಸ. ಅದರಲ್ಲೇ ಹೋಳು ಐದು ನಿಮಿಷ ಕುದಿಯಲಿ. ಬೆಲ್ಲ, ಪುಡಿ, ಹುರಿದ ಎಳ್ಳು ಮತ್ತು ಕೊಬ್ಬರಿಯ ಪುಡಿ ಆಮೇಲೆ. ನಮ್ಮಮ್ಮ ಹುಣಸೆರಸಕ್ಕೆ ಬದಲು ಹುಳಿ ಮಜ್ಜಿಗೆಯಲ್ಲಿ ಹೋಳು ನೆನೆಸುತ್ತಿದ್ದರು. ಅದೂ ಚೆನ್ನಾಗಿರುತ್ತದೆ, ಪಲ್ಯಕ್ಕಂತೂ ಅದೇ ವಾಸಿ. ಗೊಜ್ಜನ್ನು ಮಾಡಿದ ದಿನವೇ ತಿಂದು ತೀರ್ಮಾನ ಮಾಡಬೇಡಿ. ಮಾರನೇ ದಿನಕ್ಕೆ ಹುಳಿ, ಬೆಲ್ಲ ಹೋಳಿನೊಳಗೆ ಇಳಿದು ಬೇರೆಯೇ ರುಚಿ ಬರುತ್ತದೆ.

ಮೆಂತ್ಯ ಸೊಪ್ಪಿಗೆ ಇಷ್ಟೆಲ್ಲ ಬೇಡ. ದಂಟು ತೆಗೆದು ಎಲೆ ಮಾತ್ರ ಬಿಡಿಸಿಕೊಂಡು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ಅವರೆಕಾಳೋ ತೊಗರಿಬೇಳೆಯೋ ಜೊತೆಗಿದ್ದರೆ ಕಹಿ ತಾನಾಗಿ ಹಿಂದೆ ಸರಿಯುತ್ತದೆ.

ತವರಿನ ಕಡೆ ಸಾಸಿವೆ ಅಂತಲೇ ಕರೆಯುವ, ಕಾಯಿ ಸಾಸಿವೆ ರುಬ್ಬಿ ಮೊಸರಿಗೆ ಕಲಸುವ ಪದಾರ್ಥ ಮಾಡುವವರಿಗೆ ಒಂದು ಮಾತು. ಅರ್ಧ ಹೋಳು ತೆಂಗಿನಕಾಯಿಗೆ ಕಾಲು ಚಮಚ ಹಸಿ ಸಾಸಿವೆ ಸಾಕು. ಕಾಯಿ ನುಣ್ಣಗಾದ ಮೇಲೆ ಕೊನೆಯಲ್ಲಿ ಸಾಸಿವೆ ಹಾಕಿ ಎರಡು ಸುತ್ತು ತಿರುಗಿಸಿ ನಿಲ್ಲಿಸಿ. ಮೊದಲಿನಿಂದಲೇ ಹಾಕಿ ಮಿಕ್ಸಿ ಬಿಸಿಯಾಗುವಷ್ಟು ರುಬ್ಬಿದರೆ ಕಹಿ ಬಂದೇ ಬರುತ್ತದೆ. ಚಿತ್ರಾನ್ನಕ್ಕೆ ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಿ. ಸಿಪ್ಪೆ ಹಿಂಡಿಹಿಪ್ಪೆ ಮಾಡಬೇಡಿ, ಬೀಜ ಬೀಳದ ಹಾಗೆ ನೋಡಿಕೊಳ್ಳಿ. ಕಾಫಿ ಡಿಕಾಕ್ಷನ್ ತಣ್ಣಗಾಗಿದ್ದರೆ ಅದನ್ನು ಕುದಿಸಬೇಡಿ, ಹಾಲನ್ನು ಬಿಸಿ ಮಾಡಿ ಬೆರೆಸಿ.

ಅನಾನಸಿನ ಪಾಠ ನನಗೆ ಗೌರಿ ಹಬ್ಬದ ದಿನ ಆಯಿತು. ಮದುವೆಯಾದ ಹೊಸತು. ಬೆಳಿಗ್ಗೆಯೇ ಹಸಿ ಅನಾನಸ್ ಹೆಚ್ಚಿ ಗಟ್ಟಿ ಮೊಸರಿಗೆ ಕಲಸಿ ಇಟ್ಟಿದ್ದೆ. ಆಗ ರುಚಿ ನೋಡಿದಾಗ ಎಷ್ಟು ಚೆನ್ನಾಗಿತ್ತು! ಮಧ್ಯಾಹ್ನ ಎಲೆ ಹಾಕಿ ಬಡಿಸಿದರೆ ಬಾಯಿಗಿಡಲಾರದಷ್ಟು ಕಹಿ. ಮೊಸರು ಕೆಟ್ಟಿದೆ ಅಂದುಕೊಂಡು ಅತ್ತಿದ್ದೆ. ಅತ್ತೆ ಪಕ್ಕ ಕೂತು, "ಬೇಯಿಸಿ ಹಾಕಬೇಕಿತ್ತಮ್ಮ" ಅಂದರು, ಅಷ್ಟೇ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇರುತ್ತದೆ, ಅದು ಹಾಲು ಮೊಸರಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಹೋಳನ್ನು ಸ್ವಲ್ಪ ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿ, ಪೂರ್ತಿ ಆರಿದ ಮೇಲೆ ಮೊಸರಿಗೆ ಹಾಕಿ. ಪಪ್ಪಾಯಿ ಹಣ್ಣಿನ ಮಿಲ್ಕ್‌ಶೇಕ್ ಇಟ್ಟರೆ ಕಹಿಯಾಗುವುದೂ ಇಂಥದ್ದೇ ಕಾರಣಕ್ಕೆ. ಮಾಡಿದ ತಕ್ಷಣ ಕುಡಿದುಬಿಡಿ.

ಕಡಲೇಕಾಯಿ ಬೀಜ ಅಗಿಯುವಾಗ ಒಂದು ಕಹಿಯಾಗಿ, ಮುಗ್ಗಲಾಗಿ ಸಿಕ್ಕರೆ ನುಂಗಬೇಡಿ, ಉಗಿಯಿರಿ. ಬೂಷ್ಟು ಹಿಡಿದ ಬೀಜದಲ್ಲಿ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಇನ್ನು ಸೋರೆಕಾಯಿ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಸೋರೆ, ಸೌತೆ, ಹೀರೆ, ಪಡವಲ ಇವೆಲ್ಲ ಒಂದೇ ಕುಟುಂಬದ ಬಳ್ಳಿಗಳು. ಕುಕರ್ಬಿಟಾಸಿನ್ ಅನ್ನುವ ಕಹಿ ವಿಷ ಇವುಗಳಲ್ಲಿ ಇರಬಹುದು. ಸಾಮಾನ್ಯವಾಗಿ ನಮಗೆ ಸಿಗುವ ಕಾಯಿಯಲ್ಲಿ ಬಹಳ ಕಡಿಮೆ. ನೀರು ಸಾಲದೆ, ಬಿಸಿಲು ಜಾಸ್ತಿಯಾಗಿ ಬಳ್ಳಿ ಬಳಲಿದರೆ, ಅಥವಾ ಬೀಜ ಕಾಡುಜಾತಿಯ ಜೊತೆ ಬೆರೆತಿದ್ದರೆ ಒಂದೊಂದು ಕಾಯಿಯಲ್ಲಿ ತುಂಬ ಹೆಚ್ಚಾಗುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಉಪ್ಪು, ಬೆಲ್ಲ, ಮಜ್ಜಿಗೆ ಹಾಕಿದರೆ ಕಹಿ ಮುಚ್ಚಿಹೋಗಿ ವಿಷ ಹೊಟ್ಟೆಗೆ ಹೋಗುತ್ತದೆ, ಅಷ್ಟೇ. ಕಹಿ ಸೋರೆಕಾಯಿ ಜ್ಯೂಸ್ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆಂದೇ ಸಮಿತಿ ಮಾಡಿತ್ತು. ಜ್ಯೂಸ್ ಮಾಡುವ ಮುಂಚೆ ಒಂದು ಚೂರು ರುಚಿ ನೋಡಿ, ಕಹಿ ಇದ್ದರೆ ಬಿಸಾಡಿ ಅಂತ ಆ ಸಮಿತಿ ಹೇಳಿತು. 2012ರಲ್ಲಿ ಆ ವರದಿ ಪ್ರಕಟವಾಯಿತು. ಇದಕ್ಕೆ ಮದ್ದು ಅಂತ ಪ್ರತ್ಯೇಕವಾಗಿ ಇಲ್ಲ. ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಶುರುವಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ, ಕಹಿ ಸೋರೆಕಾಯಿ ಅಂತ ಬಾಯಿಬಿಟ್ಟು ಹೇಳಿ.

ಸೌತೆಕಾಯಿ ತುದಿ ಕತ್ತರಿಸಿ ನೊರೆ ಬರುವ ಹಾಗೆ ಉಜ್ಜುವ ಪದ್ಧತಿ ನಮ್ಮ ಮನೆಯಲ್ಲೂ ಇದೆ. ಕಹಿ ತೊಟ್ಟಿನ ಕಡೆಯಲ್ಲೇ ಜಾಸ್ತಿ ಇರುವುದರಿಂದ, ಆ ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿ ತೆಗೆಯುವುದೇ ನಿಜವಾದ ಉಪಯೋಗ. ಉಜ್ಜಿದ ಮೇಲೂ ನಡುವಿನ ಒಂದು ಚೂರು ತಿಂದು ನೋಡಿ. ನಡುವೂ ಕಹಿಯಿದ್ದರೆ ಇಡೀ ಕಾಯಿ ಬೇಡ. ನಾನು ಸೋರೆ, ಸೌತೆ ಹೆಚ್ಚುವಾಗ ಪ್ರತಿ ಕಾಯಿಯಿಂದಲೂ ಉಗುರಿನಷ್ಟು ಚೂರು ನಾಲಿಗೆ ತುದಿಗೆ ಮುಟ್ಟಿಸಿ ನೋಡುತ್ತೇನೆ, ನುಂಗುವುದಿಲ್ಲ. ಎರಡು ಕಾಯಿ ಇದ್ದರೆ ಎರಡನ್ನೂ ನೋಡಬೇಕು, ಒಂದು ಚೆನ್ನಾಗಿದ್ದರೆ ಇನ್ನೊಂದೂ ಹಾಗೇ ಇರಬೇಕು ಅಂತಿಲ್ಲ. ಕಹಿಯಾದದ್ದನ್ನು ನೇರ ಗೊಬ್ಬರದ ಗುಂಡಿಗೆ ಹಾಕಿ. ದನಕ್ಕೂ ಹಾಕಬೇಡಿ.