ಮೆದುಳಿನ ಕಾಂಡಕ್ಕೆ ಪೆಟ್ಟಾದವರಿಗೆ ಊಟ ಮಾಡಿಸುವ ಬಗೆ

ವಿಜಯಪುರದಲ್ಲಿ ನಮ್ಮಪ್ಪನಿಗೆ ಸ್ಟ್ರೋಕ್ ಆದಾಗ ಕೈಕಾಲು ಬಿದ್ದಿರಲಿಲ್ಲ. ತಲೆ ತಿರುಗು, ನಿಲ್ಲದ ಬಿಕ್ಕಳಿಕೆ, ಒಡೆದ ದನಿ. ಪಿತ್ತ ಅಂತ ಮಜ್ಜಿಗೆ ಕುಡಿಸಿದೆವು. ಅದೇ ತಪ್ಪು.

ಪೆಟ್ಟಾಗಿದ್ದು ಮೆದುಳಿನ ಕಾಂಡಕ್ಕೆ. ಕಾಂಡ ಅಂದರೆ ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗ, ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು. ಮೇಲೆ ಮಿಡ್‌ಬ್ರೇನ್, ನಡುವೆ ಪಾನ್ಸ್, ಕೆಳಗೆ ಮೆಡುಲ್ಲಾ. ತಲೆಯ 12 ಜೋಡಿ ನರಗಳಲ್ಲಿ 10 ಹೊರಡುವುದು ಇಲ್ಲಿಂದಲೇ. ಮಿಡ್‌ಬ್ರೇನ್ ಕೆಟ್ಟರೆ ಒಂದು ವಸ್ತು ಎರಡಾಗಿ ಕಾಣಬಹುದು. ಪಾನ್ಸ್‌ನ ಮುಂಭಾಗ ಎರಡೂ ಕಡೆ ಹೋದರೆ ಎಚ್ಚರ ಇದ್ದರೂ ಕಣ್ಣು ಮಾತ್ರ ಆಡುತ್ತದೆ. ಅಪ್ಪನಿಗೆ ಹೋಗಿದ್ದು ಮೆಡುಲ್ಲಾದ ಬಲಪಕ್ಕ. ನುಂಗುವ ನರಗಳು ಅಲ್ಲೇ ಇವೆ. ಇದಕ್ಕೆ ವಾಲೆನ್‌ಬರ್ಗ್ ಸಿಂಡ್ರೋಮ್ ಅನ್ನುತ್ತಾರೆ.

ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ಹನಿ ನೀರೂ ಬೇಡ. ಆಮೇಲೆ ನೆಟ್ಟಗೆ ಕೂರಿಸಿ, ಟಿವಿ ಬಂದ್ ಮಾಡಿ. ತೆಳು ನೀರು ಸುಲಭವಾಗಿ ಶ್ವಾಸನಾಳಕ್ಕೆ ಜಾರುತ್ತದೆ. ನಮಗೆ ಜೋಳದ ಅಂಬಲಿ ಗಟ್ಟಿಯಾಗಿ ಕಾಸಲು ಹೇಳಿದ್ದರು. ನಿಮಗೆ ಎಷ್ಟು ಗಟ್ಟಿ ಬೇಕೋ ನುಂಗುವುದನ್ನು ನೋಡಿಕೊಳ್ಳುವ ಥೆರಪಿಸ್ಟನ್ನೇ ಕೇಳಿ. ಅರ್ಧ ಚಮಚ ಕೊಡಿ, ನುಂಗಿದ ಮೇಲೆ 'ಆ' ಅನ್ನಿಸಿ. ದನಿ ಗೊರಗೊರ ಅಂದರೆ ಸಾಕು ಮಾಡಿ. ಅವಸರ ಮಾಡಿದರೆ ಕೆಲಸ ಕೆಟ್ಟಿತು! ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮಿಲ್ಲದೆಯೂ ಅನ್ನ ಶ್ವಾಸಕೋಶಕ್ಕೆ ಹೋಗಬಹುದು. ಜ್ವರ, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಓಡಿ.

ಇನ್ನೊಂದು, ಸ್ನಾನದ ನೀರು. ಅದೇ ಪೆಟ್ಟಿನಿಂದ ಅಪ್ಪನಿಗೆ ಮುಖದ ಬಲಕ್ಕೂ ಮೈಯ ಎಡಕ್ಕೂ ಬಿಸಿ ತಿಳಿಯುತ್ತಿರಲಿಲ್ಲ. ತಂಬಿಗೆ ಸುರಿಯುವ ಮೊದಲು ನಾವೇ ಕೈ ಅದ್ದಿ ನೋಡುತ್ತಿದ್ದೆವು.